ನಾಯಿಯ ಮೈಮೇಲೊಂದು ಗಂಟು: ಮುಟ್ಟಿದ ಕೈಗೆ ಗೊತ್ತಾಗುವುದೆಷ್ಟು?

ಆಟಿಯ ಮಳೆಗೆ ನಮ್ಮ ಚುಕ್ಕಿ ದಿನಕ್ಕೆ ಎರಡು ಸಲವಾದರೂ ನೆನೆದು ಬರುತ್ತಾಳೆ. ಸಂತೆಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಅವಳಿಗೆಂದೇ ಒಂದು ಹಳೆಯ ಬೈರಾಸು ನೇತಾಡುತ್ತಿರುತ್ತದೆ. ಕಳೆದ ವರ್ಷ ಹಾಗೆ ಒರೆಸುತ್ತಿದ್ದಾಗ ಬಲಪಕ್ಕೆಯ ಮೇಲೆ ಕೈಗೆ ಏನೋ ತಡೆಯಿತು. ಬೈರಾಸು ಬದಿಗಿಟ್ಟು ಬೆರಳಲ್ಲಿ ಹಿಡಿದು ನೋಡಿದೆ. ಸುಲಿದ ಅಡಿಕೆಯಷ್ಟಿತ್ತು. ಮೆತ್ತಗೆ, ಒತ್ತಿದರೆ ಚರ್ಮದಡಿ ಜಾರುವಂಥದ್ದು. ಚುಕ್ಕಿಗೆ ನೋವೇನೂ ಇದ್ದಂತಿಲ್ಲ. ಹೊಟ್ಟೆ ಕೆರೆಯುತ್ತೇನೆ ಎಂದುಕೊಂಡು ಕಾಲೆತ್ತಿ ಮಲಗಿದಳು. ಒಂಬತ್ತು ವರ್ಷದ ಲ್ಯಾಬ್ರಡಾರ್ ಮಿಶ್ರತಳಿ, ಬೂತಾಯಿ ಮೀನಿನ ತಲೆ ಬೇಯಿಸಿದ ಗಂಜಿಯಲ್ಲಿ ಬೆಳೆದ ಮೈ.

ಸಂಜೆಯೊಳಗೆ ಮೂರು ತೀರ್ಪು ಬಂದವು. ಪಕ್ಕದ ಮನೆಯ ಅಣ್ಣ ಬೇಲಿಯಾಚೆಯಿಂದಲೇ "ಎಂತದೂ ಇಲ್ಲ ಮಾರಾಯ್ರೆ, ಕೊಬ್ಬಿನ ಗಂಟು, ನಮ್ಮ ನಾಯಿಗೂ ಇತ್ತು" ಎಂದರು. ಅತ್ತೆ ಸುಣ್ಣ-ಬೆಲ್ಲ ಕಲಸಿ ಹಚ್ಚು ಎಂದರು. ಮಂಗಳೂರಿನ ತಂಗಿ ಫೋನಿನಲ್ಲೇ ಅಳತೊಡಗಿದಳು. ಅವಳ ಪಾಲಿಗೆ ಗಂಟೆಂದರೆ ಕ್ಯಾನ್ಸರ್. ಮೂವರಲ್ಲಿ ಒಬ್ಬರೂ ಅದನ್ನು ಮುಟ್ಟಿ ನೋಡಿರಲಿಲ್ಲ. ಆದರೆ ಮುಟ್ಟಿದ ನನಗಾದರೂ ಗೊತ್ತಾದದ್ದು ಏನು? ಮರುದಿನ ಉಡುಪಿಯಲ್ಲಿ ಡಾಕ್ಟ್ರು ಗಂಟನ್ನು ಹಿಡಿದು ನೋಡಿ, "ಕೊಬ್ಬಿನದ್ದೇ ಇರಬಹುದು. ಆದರೆ ಬರೀ ಮುಟ್ಟಿ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದಾಗ ಮೊದಲಿಗೆ ನಿರಾಸೆಯೇ ಆಯಿತು. ಅವರು ಹಾಗೆ ಹೇಳಿದ್ದೇ ಒಳ್ಳೆಯದಾಯಿತು ಎಂದು ಗೊತ್ತಾಗಲು ಎರಡು ವಾರ ಬೇಕಾಯಿತು.

ನಮ್ಮ ಮಾತಿನಲ್ಲಿ ಇದಕ್ಕೆ ಪದಗಳಿಗೇನೂ ಬರವಿಲ್ಲ. ಬಾವು, ಕುರು, ಗಂಟು, ಗಡ್ಡೆ. ಬಾವು ಎಂದರೆ ಊತ; ಪೆಟ್ಟು ಬಿದ್ದರೂ ಬರುತ್ತದೆ, ಜೇನು ಕಚ್ಚಿದರೂ ಬರುತ್ತದೆ. ಕುರು ಎಂದರೆ ಒಳಗೆ ಕೀವು. ಇವೆರಡರ ಗುರುತು ವೇಗ: ನಿನ್ನೆ ಇರಲಿಲ್ಲ, ಇವತ್ತು ಇದೆ, ಬಿಸಿಯಾಗಿದೆ, ಮುಟ್ಟಿದರೆ ನಾಯಿ ಗುರ್ ಎನ್ನುತ್ತದೆ. ಬೀದಿಯಲ್ಲಿ ಕಚ್ಚಾಡಿ ಬಂದ ನಾಯಿಯ ಕುತ್ತಿಗೆಯಲ್ಲಿ ಮೂರು-ನಾಲ್ಕು ದಿನಕ್ಕೆ ಏಳುವುದು ಹೆಚ್ಚಾಗಿ ಇದೇ. ಕಣ್ಣಿನ ಕೆಳಗೆ ಇದ್ದಕ್ಕಿದ್ದಂತೆ ಬಾತರೆ ಕಣ್ಣಿನ ಮದ್ದು ಹುಡುಕುವ ಮೊದಲು ಬಾಯಿ ತೆರೆದು ನೋಡಬೇಕು. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವಾದರೆ ಅದು ಕಾಣಿಸಿಕೊಳ್ಳುವ ಜಾಗ ಅದು. ಗಂಟು-ಗಡ್ಡೆಗಳ ಕತೆ ಬೇರೆ. ಅವು ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ, ನೋಯುವುದಿಲ್ಲ. ನೋವಿಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವಲ್ಲ, ಆ ಸಮಾಧಾನಕ್ಕೆ ಆಧಾರವೇ ಇಲ್ಲ. ನಾಯಿಯ ಎಷ್ಟೋ ಕ್ಯಾನ್ಸರ್ ಗಡ್ಡೆಗಳು ಶುರುವಿನಲ್ಲಿ ನೋಯುವುದಿಲ್ಲ.

ಗಂಟೇ ಅಲ್ಲದ್ದನ್ನು ಗಂಟೆಂದು ಹೊತ್ತು ತರುವವರೂ ಬೇಕಾದಷ್ಟು ಮಂದಿ ಎಂದು ಡಾಕ್ಟ್ರು ನಕ್ಕರು. ಗಂಡು ನಾಯಿಗೂ ಮೊಲೆತೊಟ್ಟು ಇರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಎದೆಮೂಳೆಯ ತುದಿ ಹೊಟ್ಟೆಯ ಮೇಲ್ಭಾಗದಲ್ಲಿ ಚೂಪಾಗಿ ಸಿಗುತ್ತದೆ. ನೆತ್ತಿಯ ಹಿಂದೆ ಒಂದು ಎಲುಬಿನ ಉಬ್ಬು. ಗಂಡು ನಾಯಿ ಖುಷಿಯಲ್ಲಿದ್ದಾಗ ಜನನಾಂಗದ ಬುಡದಲ್ಲಿ ಎರಡು ಕಡೆ ಉಬ್ಬಿ, ಸ್ವಲ್ಪ ಹೊತ್ತಿಗೆ ಇಳಿಯುವುದು ಪ್ರಕೃತಿ ಕೊಟ್ಟದ್ದು. ಅದಕ್ಕೆ ರಾತ್ರಿ ಹನ್ನೊಂದಕ್ಕೆ ಡಾಕ್ಟ್ರಿಗೆ ಫೋನ್ ಮಾಡಬೇಕಿಲ್ಲ. ಲಸಿಕೆ ಹಾಕಿದ ಜಾಗದಲ್ಲಿ ಕಾಣುವ ಸಣ್ಣ ಗಂಟು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕರಗುತ್ತದೆ. ತಿಂಗಳಾದರೂ ಕರಗದಿದ್ದರೆ ಮಾತ್ರ ತೋರಿಸಿ.

ಇನ್ನು, ಗಂಟು ಏನೆಂದು ತಿಳಿಯಲು ಡಾಕ್ಟ್ರು ಹೇಳಿದ ಸೂಜಿಪರೀಕ್ಷೆಯ ವಿಷಯ.

ಸೂಜಿ ಎಂದಾಗ ನಾನು ಅರಿವಳಿಕೆ, ಆಪರೇಷನ್ ಟೇಬಲ್ ಎಂದೆಲ್ಲ ಊಹಿಸಿಕೊಂಡಿದ್ದೆ. ಆದದ್ದು ಇಷ್ಟು. ಚುಕ್ಕಿಯನ್ನು ನಾನು ತಬ್ಬಿ ಹಿಡಿದೆ. ಲಸಿಕೆಗೆ ಬಳಸುವಂಥದ್ದೇ 22-23 ಗೇಜಿನ ಸೂಜಿ. ಡಾಕ್ಟ್ರು ಎಡಗೈಯ ಎರಡು ಬೆರಳಲ್ಲಿ ಗಂಟನ್ನು ಅಲ್ಲಾಡದಂತೆ ಹಿಡಿದು ಸೂಜಿ ಚುಚ್ಚಿದರು; ಹೊರಗೆ ತೆಗೆಯದೆ ನಾಲ್ಕೈದು ಸಲ ಹಿಂದೆ ಮುಂದೆ, ದಿಕ್ಕು ಬದಲಿಸಿ ಆಡಿಸಿದರು. ಸೂಜಿಯ ಕೊಳವೆಯೊಳಗೆ ಗಂಟಿನ ಕೋಶಗಳು ತಾವಾಗಿ ಬಂದು ಕೂರುತ್ತವೆ, ಹಲಸಿನ ಹಣ್ಣಿಗೆ ಕಡ್ಡಿ ಚುಚ್ಚಿ ತೆಗೆದರೆ ಕಡ್ಡಿಗೆ ಸೊನೆ ಅಂಟುವ ಹಾಗೆ. ಆಮೇಲೆ ಸಿರಿಂಜಿನಲ್ಲಿ ಗಾಳಿ ತುಂಬಿ, ಅದೇ ಸೂಜಿಯನ್ನು ಗಾಜಿನ ಸ್ಲೈಡಿನ ಮೇಲೆ ಹಿಡಿದು ಪುಸ್ ಎಂದು ಊದಿದರು. ಇನ್ನೊಂದು ಸ್ಲೈಡಿನಿಂದ ಮೆಲ್ಲಗೆ ಸವರಿದರು. ಅರ್ಧ ನಿಮಿಷದ ಕೆಲಸ. ಚುಕ್ಕಿಗೆ ಬಿಸ್ಕೆಟ್ ಸಿಗುವುದು ತಡವಾಯಿತೆಂಬುದೊಂದೇ ಬೇಸರ.

ಸ್ಲೈಡು ತೆಂಗಿನೆಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಫ್ಯಾನಿನಡಿ ಇಟ್ಟರೂ ಒಣಗಲಿಲ್ಲ. "ಒಣಗುವುದಿಲ್ಲ ನೋಡಿ, ಕೊಬ್ಬು" ಎಂದರು. ಬಣ್ಣ ಹಾಕುವ ಮೊದಲು ಸ್ಲೈಡನ್ನು ಆಲ್ಕೋಹಾಲಿನಲ್ಲಿ ಅದ್ದುತ್ತಾರೆ, ಆಗ ಕೊಬ್ಬಿನ ಬಹುಪಾಲು ಕರಗಿ ಹೋಗುತ್ತದೆ. ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು: ಸೋಪಿನ ನೊರೆಯಂತೆ ಒಂದಕ್ಕೊಂದು ಅಂಟಿಕೊಂಡ ಖಾಲಿ ಗುಳ್ಳೆಗಳು. ಕೊಬ್ಬಿನ ಕೋಶಗಳು. ಇದಕ್ಕೆ ಲೈಪೋಮಾ ಎಂದು ಹೆಸರು. ವಯಸ್ಸಾದ, ಮೈ ಬಂದ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್‌ಗಳಲ್ಲಿ ತೀರಾ ಸಾಮಾನ್ಯ. ಕಂಕುಳಲ್ಲಿ ಬೆಳೆದು ನಡೆಯಲು ಅಡ್ಡಿಯಾದರೆ ಮಾತ್ರ ತೆಗೆಯುತ್ತಾರೆ. ಇಲ್ಲದಿದ್ದರೆ ಅದರ ಪಾಡಿಗೆ ಅದು.

ಹಾಗಾದರೆ ಬೇಲಿಯಾಚೆಯ ಅಣ್ಣ ಹೇಳಿದ್ದೇ ಸರಿಯಾಯಿತಲ್ಲ? ಆಯಿತು. ಆದರೆ ಅದೇ ಮೆತ್ತಗಿನ, ಜಾರುವ, ನೋವಿಲ್ಲದ ಗಂಟು ಮಾಸ್ಟ್ ಸೆಲ್ ಟ್ಯೂಮರ್ ಕೂಡ ಆಗಿರಬಹುದಿತ್ತು.

ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾಯಿಯ ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಹೆಚ್ಚು ಕಾಣುವಂಥದ್ದು ಇದು. ಚರ್ಮದ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಎಂಬುದು ಪಠ್ಯಪುಸ್ತಕಗಳ ಲೆಕ್ಕ. ಮಾಸ್ಟ್ ಕೋಶ ನಾಯಿಯ ಚರ್ಮದಲ್ಲೂ ನಮ್ಮ ಚರ್ಮದಲ್ಲೂ ಇರುವ ಕಾವಲುಗಾರ. ಹೊಟ್ಟೆಯ ತುಂಬ ಹಿಸ್ಟಮಿನ್, ಹೆಪರಿನ್ ತುಂಬಿದ ಕಾಳುಗಳನ್ನು ಇಟ್ಟುಕೊಂಡಿರುತ್ತದೆ. ನಮಗೆ ಸಿಗಡಿ ತಿಂದು ಮೈಯೆಲ್ಲ ದದ್ದು ಏಳುವುದು ಈ ಕೋಶಗಳು ಹಿಸ್ಟಮಿನ್ ಬಿಟ್ಟಾಗಲೇ. ಈ ಕೋಶವೇ ಲಂಗುಲಗಾಮಿಲ್ಲದೆ ಬೆಳೆದು ಗಡ್ಡೆಯಾದರೆ ಒಂದು ವಿಚಿತ್ರ ನಡವಳಿಕೆ ಬರುತ್ತದೆ: ಬೆಳಿಗ್ಗೆ ದೊಡ್ಡದು, ಸಂಜೆಗೆ ಸಣ್ಣದು. ಕಿವುಚಿದರೆ ಸುತ್ತಲೂ ಕೆಂಪಾಗಿ ಬಾಯುತ್ತದೆ. ಆಮೇಲೆ ಇಳಿಯುತ್ತದೆ. ಇಳಿಯಿತಲ್ಲ, ಗುಣವಾಯಿತು ಎಂದು ಮನೆಯವರು ಮರೆಯುತ್ತಾರೆ. ಕೋಶಗಳು ಬಿಟ್ಟ ಹಿಸ್ಟಮಿನ್ ರಕ್ತದಲ್ಲಿ ಸೇರಿ ಹೊಟ್ಟೆಯಲ್ಲಿ ಹುಣ್ಣು ಮಾಡುವುದೂ ಉಂಟು. ಆಗ ವಾಂತಿ, ಡಾಂಬರಿನಂಥ ಕಪ್ಪು ಮಲ. ಸುಣ್ಣ-ಬೆಲ್ಲ ಹಚ್ಚಿ ತಿಕ್ಕಿದ್ದರೆ ಏನಾಗುತ್ತಿತ್ತು ಎಂದು ಅತ್ತೆಗೆ ಆಮೇಲೆ ವಿವರಿಸಿದೆ. ಕುರು ಹಣ್ಣಾಗಲು ಅವರ ಕಾಲದಲ್ಲಿ ಹಚ್ಚುತ್ತಿದ್ದ ಲೇಪ ಅದು. ಕುರು ಯಾವುದು, ಗಡ್ಡೆ ಯಾವುದು ಎಂದು ಲೇಪಕ್ಕೆ ಗೊತ್ತಾಗುವುದಿಲ್ಲವಷ್ಟೆ.

ಮಾಸ್ಟ್ ಸೆಲ್ ಗಡ್ಡೆಯನ್ನು ಸುಮ್ಮನೆ ಚಿವುಟಿ ತೆಗೆದಂತೆ ತೆಗೆಯುವಂತಿಲ್ಲ. ಸುತ್ತಲೂ ಆರೋಗ್ಯವಾಗಿ ಕಾಣುವ ಚರ್ಮವನ್ನೂ ಸೇರಿಸಿ, ಸಾಮಾನ್ಯವಾಗಿ ಎರಡು ಸೆಂಟಿಮೀಟರ್‌ನಷ್ಟು, ಆಳದಲ್ಲಿ ಒಂದು ಪದರವನ್ನೂ ಸೇರಿಸಿ ಕತ್ತರಿಸುತ್ತಾರೆ. ಸೂಜಿಪರೀಕ್ಷೆ ಮೊದಲೇ ಆಗಬೇಕೆನ್ನುವುದು ಇದಕ್ಕೇ. ಏನೆಂದು ತಿಳಿಯದೆ ಗಡ್ಡೆಯ ಅಂಚಿಗೇ ಕೊಯ್ದರೆ ಬೇರು ಒಳಗೇ ಉಳಿಯುತ್ತದೆ. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ದೊಡ್ಡದಾಗುತ್ತದೆ. ಕಾಲಿನ ಮೇಲೆ, ಮುಖದ ಮೇಲೆ ಅಷ್ಟು ಚರ್ಮ ಎಲ್ಲಿಂದ ತರುವುದು?

ಹೊತ್ತು ಕಳೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಗಡ್ಡೆಯ ಅಡ್ಡಳತೆ ಒಂದರಿಂದ ಎರಡು ಸೆಂಟಿಮೀಟರ್ ಆದರೆ ಕಣ್ಣಿಗೆ ಇಮ್ಮಡಿ ಕಾಣುತ್ತದೆ, ಗಾತ್ರ ಮಾತ್ರ ಎಂಟು ಪಟ್ಟಾಗಿರುತ್ತದೆ. ಮೂರಾದರೆ ಇಪ್ಪತ್ತೇಳು ಪಟ್ಟು. ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಸ್ಯೂ ಎಟಿಂಗರ್ ಜನಪ್ರಿಯಗೊಳಿಸಿದ ಒಂದು ಅಳತೆಗೋಲಿದೆ: ಗಂಟು ಒಂದು ಸೆಂಟಿಮೀಟರ್ ಇದ್ದರೆ, ಅಥವಾ ಒಂದು ತಿಂಗಳಿಂದ ಇದ್ದರೆ, ಸೂಜಿ ಹಾಕಿಸಿ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಹೆಸರುಕಾಳಿನಷ್ಟಿದ್ದರೆ ಕಣ್ಣಿಡಿ, ದೊಡ್ಡ ಕಡಲೆಕಾಳಿನಷ್ಟಾದರೆ ಹೊರಡಿ, ಅಡಿಕೆಯಾಗುವವರೆಗೆ ಕಾಯಬೇಡಿ. ನಾನು ಅಡಿಕೆಯಾದ ಮೇಲೆಯೇ ಕಂಡವನು. ಆ ಗಂಟು ಎಷ್ಟು ತಿಂಗಳಿಂದ ಅಲ್ಲಿತ್ತೋ, ದಿನಕ್ಕೆರಡು ಸಲ ಒರೆಸಿದ ಬೈರಾಸಿಗೂ ಸಿಕ್ಕಿರಲಿಲ್ಲ.

ಎರಡು ವರ್ಷದೊಳಗಿನ ಮರಿಗಳ ವಿಷಯದಲ್ಲಿ ಒಂದು ಸಮಾಧಾನ ಇದೆ. ಮುಖ, ಕಿವಿ, ಕಾಲಿನ ಮೇಲೆ ಕೂದಲುದುರಿದ, ಕೆಂಪಗಿನ ಅಂಗಿಗುಂಡಿಯಂಥ ಗಂಟು ಎದ್ದರೆ ಅದು ಹಲವು ಸಲ ಹಿಸ್ಟಿಯೋಸೈಟೋಮಾ. ಎರಡು-ಮೂರು ತಿಂಗಳಲ್ಲಿ ದೇಹವೇ ಅದನ್ನು ತೆಗೆದುಹಾಕುತ್ತದೆ. ಆದರೂ ಸೂಜಿ ಹಾಕಿಸಿಯೇ ಕಾಯುವುದು ಲೇಸು.

ನಮ್ಮ ಕಡೆ ಕಾಣಸಿಗುವ ಇನ್ನೆರಡು ಗಂಟುಗಳಿವೆ. ಮೊದಲನೆಯದು ಸೊಳ್ಳೆಯ ಕೊಡುಗೆ. ಡೈರೋಫಿಲೇರಿಯಾ ರೆಪೆನ್ಸ್ ಎಂಬ ದಾರದಂಥ ಹುಳ ನಾಯಿಯ ಚರ್ಮದಡಿ ಬದುಕುತ್ತದೆ. ಸೊಳ್ಳೆ ಅದರ ಮರಿಗಳನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಚರ್ಮದಡಿ ಸಣ್ಣ ಗಂಟಾಗಿ ಕಾಣಿಸಿಕೊಳ್ಳಬಹುದು. ತಪ್ಪಿ ಮನುಷ್ಯರಿಗೂ ಬರುತ್ತದೆ. ಕೇರಳ ಮತ್ತು ನಮ್ಮ ಕರಾವಳಿಯಲ್ಲಿ ಕಣ್ಣಿನ ವೈದ್ಯರು ರೋಗಿಗಳ ಕಣ್ಣಿನಿಂದ ಜೀವಂತ ಹುಳ ಎಳೆದು ತೆಗೆದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಹಿತ್ತಿಲಲ್ಲಿ ಬಿದ್ದ ತೆಂಗಿನ ಗೆರಟೆಯ ನೀರು ಚೆಲ್ಲಲು ಡೆಂಗಿ ಮಾತ್ರವೇ ಕಾರಣವಲ್ಲ.

ಎರಡನೆಯದು ಬೀದಿ ನಾಯಿಗಳಲ್ಲಿ ಧಾರಾಳವಾಗಿ ಕಾಣುವ ಜನನಾಂಗದ ಗಡ್ಡೆ, ಡಾಕ್ಟ್ರು ಟಿವಿಟಿ (ಟ್ರಾನ್ಸ್‌ಮಿಸಿಬಲ್ ವೆನೀರಿಯಲ್ ಟ್ಯೂಮರ್, ಅಂದರೆ ಕೂಡುವಾಗ ಹರಡುವ ಗಡ್ಡೆ) ಎನ್ನುತ್ತಾರೆ. ಹೂಕೋಸಿನಂತೆ ಕೆಂಪಗೆ, ರಕ್ತ ತೊಟ್ಟಿಕ್ಕುತ್ತ ಇರುತ್ತದೆ. ಹೆಣ್ಣು ನಾಯಿಗೆ ಬೆದೆ ಮುಗಿದರೂ ರಕ್ತ ನಿಂತಿಲ್ಲ ಎಂದು ಜನ ಕರೆತರುವುದು ಹೆಚ್ಚಾಗಿ ಇದೇ. ಮೂಸುವ ಅಭ್ಯಾಸದಿಂದ ಮೂಗಿನೊಳಗೂ ಬೆಳೆಯುತ್ತದೆ. ಇದರ ಸ್ವಭಾವ ಕೇಳಿ ನಾನು ಬೆರಗಾದೆ: ಇಲ್ಲಿ ಹರಡುವುದು ವೈರಸ್ ಅಲ್ಲ, ಕ್ಯಾನ್ಸರ್ ಕೋಶವೇ. ಕೂಡುವಾಗ ಒಂದು ನಾಯಿಯ ಕೋಶ ಇನ್ನೊಂದರ ಮೈಯಲ್ಲಿ ನಾಟಿಯಾಗುತ್ತದೆ, ನೇಜಿ ಕಿತ್ತು ಬೇರೆ ಗದ್ದೆಯಲ್ಲಿ ನೆಟ್ಟಂತೆ. ನಾಯಿಯ ಕೋಶದಲ್ಲಿ 78 ವರ್ಣತಂತುಗಳಿರುತ್ತವೆ. ಈ ಗಡ್ಡೆಯ ಕೋಶದಲ್ಲಿ 60ರ ಆಸುಪಾಸು. ಅಂದರೆ ಅದು ಆ ನಾಯಿಯ ಸ್ವಂತ ಕೋಶವೇ ಅಲ್ಲ. 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇದರ ಮೂಲವನ್ನು 4,000ದಿಂದ 8,500 ವರ್ಷ ಹಿಂದೆ, ಏಷ್ಯಾದಲ್ಲಿ ಬದುಕಿದ್ದ ಒಂದು ನಾಯಿಗೆ ಒಯ್ಯುತ್ತದೆ. ಆ ನಾಯಿ ಸತ್ತು ಸಾವಿರಾರು ವರ್ಷವಾಯಿತು, ಅದರ ಗಡ್ಡೆ ಇವತ್ತೂ ಮಲ್ಪೆಯ ಕಡಲತೀರದಲ್ಲಿ ಓಡಾಡುತ್ತಿರಬಹುದು.

ನೋಡಲು ಭೀಕರವಾದರೂ ಇದು ವಾಸಿಯಾಗುವ ಕ್ಯಾನ್ಸರ್. ವಾರಕ್ಕೊಂದರಂತೆ ನಾಲ್ಕರಿಂದ ಆರು ಸಲ ವಿನ್‌ಕ್ರಿಸ್ಟಿನ್ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ಆ ಮದ್ದಿನ ಮೂಲ ನಮ್ಮ ಅಂಗಳದ ನಿತ್ಯಪುಷ್ಪ. ಹಾಗೆಂದು ಸೊಪ್ಪು ಅರೆದು ತಿನ್ನಿಸಲು ಹೋಗಬೇಡಿ, ಗಿಡ ವಿಷಕಾರಿ. ರಕ್ತನಾಳದಿಂದ ಹನಿ ಹೊರಗೆ ಬಿದ್ದರೆ ಮಾಂಸ ಕೊಳೆಯಿಸುವಷ್ಟು ಖಾರದ ಮದ್ದು ಅದು, ಡಾಕ್ಟ್ರ ಕೈಯಲ್ಲೇ ಇರಲಿ. ಮಳೆಗಾಲದಲ್ಲಿ ಇಂಥ ಒಡೆದ ಗಡ್ಡೆಗೆ ನೊಣ ಕೂತು ಹುಳ ಬೀಳಲು ಎರಡು ದಿನ ಸಾಕು. ಹುಳ ಕಂಡಾಗ ಮಾತ್ರ ಓಡಿ ಬರುವವರಿಗೆ ಒಳಗಿನ ಗಡ್ಡೆ ಆಮೇಲೆ ಗೊತ್ತಾಗುತ್ತದೆ.

ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲ ಮೊಣಕಾಲಿನ ಹಿಂದೆ, ಹೀಗೆ ಎರಡೂ ಬದಿಗಳಲ್ಲಿ ಒಟ್ಟಿಗೆ ಗಂಟು ಸಿಕ್ಕರೆ ಅವು ಹಾಲ್ರಸ ಗ್ರಂಥಿಗಳು (ಲಿಂಫ್ ನೋಡ್). ಉಣುಗಿನಿಂದ ಬರುವ ಜ್ವರದಲ್ಲೂ ಅವು ಬಾಯುತ್ತವೆ, ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಬಾಯುತ್ತವೆ. ಇಲ್ಲಿ ಒಂದು ಎಚ್ಚರಿಕೆ. "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೆ, ಇಳಿಯಲಿ" ಎಂದು ನಾವೇ ಒತ್ತಾಯಿಸುತ್ತೇವೆ. ಸ್ಟೀರಾಯ್ಡ್ ಕೊಟ್ಟರೆ ನಿಜಕ್ಕೂ ಇಳಿಯುತ್ತದೆ. ಲಿಂಫೋಮಾ ಆಗಿದ್ದರೆ ಪರೀಕ್ಷೆಗೆ ಸಿಗದಂತೆ ಅಡಗುತ್ತದೆ, ಮುಂದೆ ಕೊಡುವ ಕೀಮೋ ಮದ್ದಿಗೆ ಬಗ್ಗದಂತೆಯೂ ಆಗುತ್ತದೆ. ಮೊದಲು ಸೂಜಿ, ಆಮೇಲೆ ಸ್ಟೀರಾಯ್ಡ್. ಮನೆಯಲ್ಲಿರುವ ನಮ್ಮ ಇಬುಪ್ರೊಫೆನ್ ಮಾತ್ರೆಯಂತೂ ನಾಯಿಗೆ ಕೊಡಲೇಬಾರದು. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕುತ್ತು.

ಚುಕ್ಕಿಯ ಕತೆ ಕೊಬ್ಬಿನ ಗಂಟಿಗೆ ಮುಗಿಯಬೇಕಿತ್ತು. ಬಿಸ್ಕೆಟ್ ಕೊಟ್ಟು ಹೊರಡುವ ಹೊತ್ತಿಗೆ ಡಾಕ್ಟ್ರು "ಒಂದು ನಿಮಿಷ" ಎಂದು ಅವಳನ್ನು ಮತ್ತೆ ಮೇಜಿನ ಮೇಲೆ ಮಲಗಿಸಿದರು. ಮೂಗಿನಿಂದ ಬಾಲದವರೆಗೆ ಎರಡೂ ಕೈಯಾಡಿಸುತ್ತ ಬಂದು ಎಡಬದಿಯ ಕೊನೆಯ ಮೊಲೆತೊಟ್ಟಿನ ಪಕ್ಕ ನಿಂತರು. ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟರು. ಕಡಲೆಕಾಳಿನಷ್ಟು, ಕಲ್ಲಿನಷ್ಟು ಗಟ್ಟಿ. ಪಕ್ಕೆಯ ಅಡಿಕೆಯ ಮೇಲೆ ಎಲ್ಲರ ಕಣ್ಣಿದ್ದಾಗ ಇದನ್ನು ಯಾರೂ ಕಂಡಿರಲಿಲ್ಲ.

ಹೆಣ್ಣು ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳು. ಗಡ್ಡೆ ಹೆಚ್ಚಾಗಿ ಬರುವುದು ಹಿಂದಿನ ಎರಡು ಜೊತೆಗಳಲ್ಲಿ. ಸುಮಾರಾಗಿ ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ, ಅರ್ಧ ಅಲ್ಲ. ಇಲ್ಲಿ ಸೂಜಿಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಒಂದೇ ಗಡ್ಡೆಯೊಳಗೆ ಒಂದು ಮೂಲೆ ಸಾಧುವಾಗಿದ್ದು ಇನ್ನೊಂದು ಮೂಲೆ ಕೆಟ್ಟದ್ದಾಗಿರಬಹುದು. ಸೂಜಿ ಯಾವ ಮೂಲೆಗೆ ಹೋಯಿತೋ ಅದನ್ನಷ್ಟೇ ಹೇಳುತ್ತದೆ. ಆದ್ದರಿಂದ ಇಡೀ ಗಡ್ಡೆಯನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದೇ ದಾರಿ. ಮೂರು ಸೆಂಟಿಮೀಟರ್ ದಾಟುವ ಮೊದಲು ತೆಗೆದರೆ ಕ್ಯಾನ್ಸರ್ ಆಗಿದ್ದರೂ ಬದುಕುವ ಅವಕಾಶ ಹೆಚ್ಚು.

ಸಂತಾನಹರಣ ಆಪರೇಷನ್ ಬೇಗ ಮಾಡಿಸಿದರೆ ಈ ಗಡ್ಡೆ ಬರುವುದಿಲ್ಲ ಎಂಬ ಮಾತು ಕೇಳಿರುತ್ತೀರಿ. ಅದರ ಬುಡದಲ್ಲಿರುವುದು ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಒಂದು ಅಧ್ಯಯನ: ಆಪರೇಷನ್ ಆಗದ ನಾಯಿಗಿರುವ ಅಪಾಯವನ್ನು ನೂರು ಎಂದಿಟ್ಟುಕೊಂಡರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಅದು ಅರ್ಧಕ್ಕಿಳಿಯುತ್ತದೆ, ಐವತ್ತಕ್ಕಲ್ಲ, ಒಂದರ ಅರ್ಧಕ್ಕೆ, ಒಂದು ಬೆದೆಯ ನಂತರವಾದರೆ 8, ಎರಡರ ನಂತರ 26. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದವರು ಪುರಾವೆ ಅಷ್ಟೇನೂ ಗಟ್ಟಿಯಿಲ್ಲ ಎಂದರು. ಆದರೂ ಬೇಗ ಮಾಡಿಸುವುದೇ ಒಳ್ಳೆಯದೆಂದು ನನ್ನ ಅನಿಸಿಕೆ. ಗರ್ಭಕೋಶದ ಕೀವು ತಪ್ಪುತ್ತದೆ, ಟಿವಿಟಿಯ ದಾರಿ ಬಹುಪಾಲು ಮುಚ್ಚುತ್ತದೆ, ರಸ್ತೆಬದಿಯಲ್ಲಿ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹೋಗುವ ಪಾಪವೂ. ಚುಕ್ಕಿಗೆ ನಾವು ಮಾಡಿಸಿದ್ದು ಐದನೇ ವರ್ಷದಲ್ಲಿ, ಒಂದು ಸೂಲು ಆದ ಮೇಲೆ.

ಆಪರೇಷನ್‌ಗೆ ಮೊದಲು ಎದೆಯ ಎಕ್ಸ್-ರೇ ಮೂರು ಭಂಗಿಯಲ್ಲಿ ತೆಗೆದರು, ಶ್ವಾಸಕೋಶಕ್ಕೆ ಏನಾದರೂ ಹೋಗಿದೆಯೇ ಎಂದು ನೋಡಲು. ಏನೂ ಇರಲಿಲ್ಲ. ತೆಗೆದ ತುಂಡನ್ನು ಅದರ ಹತ್ತು ಪಟ್ಟು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿಟ್ಟು ಮುಚ್ಚಳಕ್ಕೆ ಟೇಪು ಸುತ್ತಿದರು. ಈ ಹಂತದಲ್ಲಿ ದುಡ್ಡು ಉಳಿಸಲು "ಹೇಗೂ ತೆಗೆದಾಯಿತಲ್ಲ, ಇನ್ನು ಪರೀಕ್ಷೆ ಯಾಕೆ" ಎನ್ನುವವರೇ ಹೆಚ್ಚು. ಅದು ಏನಾಗಿತ್ತು, ಅಂಚಿನವರೆಗೂ ಹರಡಿತ್ತೇ ಎಂಬೆರಡು ಪ್ರಶ್ನೆಗೆ ಉತ್ತರ ಆ ಡಬ್ಬಿಯಲ್ಲಿ ಮಾತ್ರ ಇರುತ್ತದೆ. ಎಸೆದರೆ ಮತ್ತೆ ಸಿಗುವುದಿಲ್ಲ.

ವರದಿ ಬರಲು ಹತ್ತು ದಿನ ಹಿಡಿಯಿತು. ತಂಗಿ ದಿನಕ್ಕೆ ಮೂರು ಸಲ ಫೋನ್ ಮಾಡಿದಳು. ಬಿನೈನ್ ಮಿಕ್ಸ್‌ಡ್ ಟ್ಯೂಮರ್ ಎಂದಿತ್ತು. ಅಂದರೆ ಹರಡುವ ಸ್ವಭಾವದ್ದಲ್ಲ; ಒಳಗೆ ಮೃದ್ವಸ್ಥಿ, ಎಲುಬು ಕೂಡ ಬೆಳೆದಿತ್ತು, ಅದಕ್ಕೇ ಆ ಕಲ್ಲಿನ ಗಟ್ಟಿತನ. ಮೆತ್ತಗಿದ್ದರೆ ಪಾಪದ್ದು, ಗಟ್ಟಿಯಿದ್ದರೆ ಕೆಟ್ಟದ್ದು ಎಂದು ನನ್ನ ಬೆರಳು ಹಾಕಿಕೊಂಡಿದ್ದ ಲೆಕ್ಕ ಅಲ್ಲಿಗೆ ಬಿತ್ತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಮೀನು ತರುವ ಮೊದಲು ಚುಕ್ಕಿಯ ತಪಾಸಣೆ. ಬಾಯಿ ತೆರೆದು ಒಸಡು ನೋಡುವುದು, ದವಡೆ, ಕಂಕುಳು, ಹತ್ತು ಮೊಲೆತೊಟ್ಟು, ಬೆರಳ ಸಂದು, ಬಾಲದಡಿ. ಸಿಕ್ಕಿದ್ದನ್ನು ದರ್ಜಿಯ ಟೇಪಿನಲ್ಲಿ ಅಳೆದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಬರೆದಿಡುತ್ತೇನೆ. ಹೊಸ ಗಂಟು ಸಿಕ್ಕರೆ ಅದಕ್ಕೆ ಹೊಸದೇ ಸೂಜಿ. ಪಕ್ಕೆಯದ್ದು ಕೊಬ್ಬು ಎಂದಾದ ಮಾತ್ರಕ್ಕೆ ಕುತ್ತಿಗೆಯದ್ದೂ ಕೊಬ್ಬಾಗಬೇಕೆಂದಿಲ್ಲ.

ಕಳೆದ ತಿಂಗಳು ಎಡಗಿವಿಯ ಹಿಂದೆ ಕಡಲೆಯಷ್ಟು ದಪ್ಪದ, ಬೂದು ಬಣ್ಣದ, ಮೆತ್ತಗಿನದೊಂದು ಸಿಕ್ಕಿತು. ಎದೆ ಧಸಕ್ಕೆಂದಿತು. ಟೇಪು ತರಲು ಮಗಳನ್ನು ಓಡಿಸಿ, ಕೂದಲು ಬಿಡಿಸಿ ಟಾರ್ಚು ಹಾಕಿದೆ. ಗಂಟು ಕಾಲಾಡಿಸಿತು. ರಕ್ತ ಕುಡಿದು ಉಬ್ಬಿದ ಉಣುಗು. ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆದು, ಸೋಪಿನ ನೀರಿಗೆ ಹಾಕಿದೆ.